ಬೆಳಕಿನ ಉಳಿಯ ಆರೈಕೆ

ನಿಮ್ಮ ಮನೆಯಲ್ಲಿ ಈಚೆಗೆ ಒಂದು ಜೊತೆ ಚಿನ್ನದ ಓಲೆಯನ್ನು ಕೊಂಡಿದ್ದರೆ, ಅದರ ಹಿಂಬದಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿರಿ. ಅಲ್ಲಿ ಒಂದು ಪುಟ್ಟ ತ್ರಿಕೋನದ ಮುದ್ರೆ, ಚಿನ್ನದ ಶುದ್ಧತೆಯನ್ನು ಸೂಚಿಸುವ ಅಂಕಿ, ಜೊತೆಗೆ ಅಕ್ಷರಗಳೂ ಅಂಕಿಗಳೂ ಬೆರೆತ ಆರು ಚಿಹ್ನೆಗಳ ಒಂದು ಸಾಲು ಕಾಣುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯನ್ನು ಈ ಆರು ಚಿಹ್ನೆಗಳಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಒಂದು ಒಡವೆಯ ಚಿಹ್ನೆ ಇನ್ನೊಂದಕ್ಕಿಲ್ಲ. ಸಾಸಿವೆ ಕಾಳಿನ ಮೇಲೂ ಹಿಡಿಸಬಹುದಾದಷ್ಟು ಸಣ್ಣದಾದ ಈ ಬರಹವನ್ನು ಚಿನ್ನ ಸವೆಯದಂತೆ, ಸೊಟ್ಟಗಾಗದಂತೆ ಬರೆದ ಉಳಿ ಯಾವುದು?

ಆ ಉಳಿ ಲೋಹದ್ದಲ್ಲ, ಬೆಳಕಿನದು. ಲೇಸರ್ ಎಂಬ ಬೆಳಕಿನಿಂದ ಗುರುತು ಹಾಕುವ ಯಂತ್ರಗಳು ಇಂದು ಆಭರಣದ ಅಂಗಡಿಗಳ ಹಿಂದಿನ ಕೋಣೆಗಳಲ್ಲಿಯೂ, ಕೈಗಾರಿಕಾ ವಸಾಹತುಗಳ ಸಣ್ಣ ಸಣ್ಣ ಷೆಡ್ಡುಗಳಲ್ಲಿಯೂ ಕೆಲಸಮಾಡುತ್ತಿವೆ. ಬೇರಿಂಗಿನ ಅಂಚಿನಲ್ಲಿರುವ ಸಂಖ್ಯೆ, ಶಸ್ತ್ರಚಿಕಿತ್ಸೆಯ ಕತ್ತರಿಯ ಮೇಲಿನ ಹೆಸರು, ಬಹುಮಾನದ ಪೆನ್ನಿನ ಮೇಲೆ ಹೊಳೆಯುವ ನಮ್ಮ ನಿಮ್ಮ ಹೆಸರು, ಇವೆಲ್ಲವೂ ಸಾಮಾನ್ಯವಾಗಿ ಅದರ ಕೆಲಸವೇ. ಶಾಯಿಯ ಗುರುತು ಅಳಿಸಿಹೋಗುತ್ತದೆ. ಸುತ್ತಿಗೆಯಿಂದ ಹೊಡೆದ ಅಚ್ಚಿನ ಪೆಟ್ಟಿಗೆ ತೆಳುವಾದ ವಸ್ತು ಬಾಗುತ್ತದೆ. ಬೆಳಕು ವಸ್ತುವನ್ನು ತಾಗದೆಯೇ ಬರೆಯುತ್ತದೆಂಬುದು ಅದರ ಹೆಚ್ಚುಗಾರಿಕೆ.

ಕಲಾ ವಿಭಾಗದಲ್ಲಿ ಓದುವವನಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ನನ್ನ ಅಣ್ಣ ಹತ್ತನೆಯ ತರಗತಿಗೆ ಓದು ನಿಲ್ಲಿಸಿ, ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಷೆಡ್ಡಿನಲ್ಲಿ ಈ ಯಂತ್ರವನ್ನು ನಡೆಸುತ್ತಾನೆ. ಅವನ ಸಂಬಳದ ಒಂದು ಪಾಲು ನನ್ನ ಕಾಲೇಜಿನ ಶುಲ್ಕವಾಗಿ ಬರುತ್ತದೆ. ಎರಡು ಬೇಸಗೆಯ ರಜಗಳಲ್ಲಿ ನಾನೂ ಅಲ್ಲಿ ಅವನ ಕೈಕೆಳಗೆ ಆಳಾಗಿದ್ದೆ. ಯಂತ್ರವನ್ನು ಕೊಂಡು ತರುವುದು ಒಂದು ದಿನದ ಕೆಲಸ, ಅದನ್ನು ಕಾಪಾಡಿಕೊಳ್ಳುವುದು ಪ್ರತಿದಿನದ ಕೆಲಸ ಎಂಬುದನ್ನು ಅಲ್ಲಿ ಕಂಡೆ. ಅಲ್ಲಿ ನಡೆದ ಒಂದು ಪ್ರಸಂಗವೇ ಈ ಲೇಖನಕ್ಕೆ ಕಾರಣ. ಅದನ್ನು ಹೇಳುವ ಮೊದಲು ಯಂತ್ರದ ಪರಿಚಯವನ್ನು ಮಾಡಿಕೊಡಬೇಕು.

ಲೇಸರಿನ ಮೂಲತತ್ತ್ವವನ್ನು ಆಲ್ಬರ್ಟ್ ಐನ್‌ಸ್ಟೈನರು 1917ರಲ್ಲಿಯೇ ಕಂಡಿದ್ದರು. ಶಕ್ತಿಯನ್ನು ತುಂಬಿಕೊಂಡು ನಿಂತಿರುವ ಪರಮಾಣುವಿನ ಪಕ್ಕದಲ್ಲಿ ತಕ್ಕ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣುವೂ ಅದೇ ಬಗೆಯ, ಅದೇ ದಿಕ್ಕಿನ, ಅದೇ ಹೆಜ್ಜೆಯ ಮತ್ತೊಂದು ಕಣವನ್ನು ಹೊರಗೆಡಹುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳಕು ಬೆಳೆಯುತ್ತದೆ. ದೀಪದ ಬೆಳಕು ಜಾತ್ರೆಯ ಜನದಂತೆ ಮನಸ್ಸು ಬಂದ ಕಡೆಗೆ ಹರಿದರೆ, ಲೇಸರಿನ ಬೆಳಕು ಕೋಲಾಟದವರಂತೆ ಒಂದೇ ತಾಳಕ್ಕೆ ಹೆಜ್ಜೆಯಿಡುತ್ತದೆ. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲನೆಯ ಲೇಸರನ್ನು ಹೊಮ್ಮಿಸಿದರು. ಮರುವರ್ಷವೇ ಎಲಿಯಾಸ್ ಸ್ನಿಟ್ಜರ್ ಗಾಜಿನ ಎಳೆಯಲ್ಲಿ ಲೇಸರನ್ನು ಹುಟ್ಟಿಸಬಹುದೆಂದು ತೋರಿಸಿದರು. 1964ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲರು, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರನ್ನು ಪಡೆದರು. ಮರ, ಚರ್ಮ, ಅಕ್ರಿಲಿಕ್‌ಗಳ ಮೇಲೆ ಬರೆಯಲು ಇಂದಿಗೂ ಹೆಚ್ಚಾಗಿ ಬಳಸುವುದು ಪಟೇಲರ ಬಗೆಯ ಲೇಸರನ್ನೇ. ಲೋಹದ ಮೇಲೆ ಬರೆಯಲು ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವುದು ಗಾಜಿನೆಳೆಯ ಲೇಸರು. ಅದನ್ನು ಫೈಬರ್ ಲೇಸರ್ ಎನ್ನುತ್ತಾರೆ. ಅಣ್ಣನ ಯಂತ್ರ ಈ ಜಾತಿಯದು.

ಅದರ ಅಂಗಗಳು ನಾಲ್ಕೈದೇ. ಕೆಳಗಿನ ಪೆಟ್ಟಿಗೆಯಲ್ಲಿ ಬೆಳಕಿನ ಮೂಲವಿರುತ್ತದೆ. ಷೆಡ್ಡಿನವರು ಅದನ್ನು ಸೋರ್ಸ್ ಎನ್ನುತ್ತಾರೆ. ಯಿಟರ್ಬಿಯಂ ಎಂಬ ಧಾತುವನ್ನು ಬೆರೆಸಿದ ಗಾಜಿನ ಎಳೆ ಅದರೊಳಗೆ ಸುರುಳಿ ಸುತ್ತಿಕೊಂಡಿದೆ. ಅಲ್ಲಿ ಹುಟ್ಟಿದ ಕಿರಣವು ಕವಚ ತೊಟ್ಟ ಕೇಬಲ್ಲಿನ ಮೂಲಕ ಮೇಲಿನ ತಲೆಭಾಗಕ್ಕೆ ಬರುತ್ತದೆ. ಅಲ್ಲಿ ಎರಡು ಪುಟ್ಟ ಕನ್ನಡಿಗಳುಂಟು. ಒಂದು ಕಿರಣವನ್ನು ಎಡಬಲಕ್ಕೂ, ಇನ್ನೊಂದು ಹಿಂದುಮುಂದಕ್ಕೂ ತಿರುಗಿಸುತ್ತದೆ. ಈ ಜೋಡಿಗೆ ಗ್ಯಾಲ್ವೊ ಎಂದು ಹೆಸರು. ಕನ್ನಡಿಗಳ ಕೆಳಗೆ ಒಂದು ಮಸೂರವಿದ್ದು, ಅದು ಕಿರಣವನ್ನು ಕೆಳಗಿಟ್ಟ ವಸ್ತುವಿನ ಮೇಲೆ ಒಂದು ಬಿಂದುವಾಗಿ ಕೂಡಿಸುತ್ತದೆ. ಗಣಕಯಂತ್ರದಲ್ಲಿ ಬರೆದುದನ್ನು ಕನ್ನಡಿಗಳು ಆಡಿ ತೋರಿಸುತ್ತವೆ, ಬಿಂದು ಅದನ್ನು ಲೋಹದ ಮೇಲೆ ಬರೆಯುತ್ತದೆ.

ಇಷ್ಟೇ ಸಾಮಗ್ರಿಯಿಂದ ಉಕ್ಕು ಹೇಗೆ ಕರಗುತ್ತದೆ? ಲೆಕ್ಕಹಾಕಿ ನೋಡೋಣ. ಯಂತ್ರದ ಸಾಮರ್ಥ್ಯ 20 ವ್ಯಾಟ್ ಎಂದಿಟ್ಟುಕೊಳ್ಳಿ. ಅದು ಮನೆಯ ಎಲ್‌ಇಡಿ ಟ್ಯೂಬ್‌ಲೈಟಿನಷ್ಟೇ. ಆದರೆ ಈ ಬೆಳಕು ಒಂದೇ ಸಮನೆ ಹರಿಯದೆ ಸೆಕೆಂಡಿಗೆ 20,000 ಸಲ ಮಿಡಿಯುತ್ತದೆ. ಹಾಗಾದರೆ ಒಂದು ಮಿಡಿತಕ್ಕೆ ಸಿಗುವುದು ಒಂದು ಜೂಲಿನ ಸಾವಿರದಲ್ಲೊಂದು ಪಾಲು. ಆ ಮಿಡಿತ ಉಳಿಯುವುದಾದರೂ ಸೆಕೆಂಡಿನ ಕೋಟಿಯಲ್ಲೊಂದು ಪಾಲು ಹೊತ್ತು ಮಾತ್ರ. ಅಷ್ಟು ಸ್ವಲ್ಪ ಹೊತ್ತಿನಲ್ಲಿ ಹೊಮ್ಮುವ ಬಲ 10,000 ವ್ಯಾಟ್! ಅದನ್ನು ಮಸೂರವು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಕಿರಿದಾದ ಬಿಂದುವಿಗೆ ಒಟ್ಟುಗೂಡಿಸುತ್ತದೆ. ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲದ ಆ ಜಾಗದಲ್ಲಿ ಲೋಹ ಆವಿಯಾಗದೆ ಇನ್ನೇನು ಮಾಡೀತು? ಆರೈಕೆಯ ಗುಟ್ಟೆಲ್ಲ ಈ ಲೆಕ್ಕದಲ್ಲಿಯೇ ಅಡಗಿದೆ. ಯಂತ್ರದ ಶಕ್ತಿಯಿರುವುದು ಬೆಳಕಿನ ಮೊತ್ತದಲ್ಲಲ್ಲ, ಅದು ಒಂದೆಡೆ ಕೂಡುವುದರಲ್ಲಿ. ಆ ಕೂಡಿಕೆಗೆ ಅಡ್ಡಬಂದದ್ದೆಲ್ಲ ಯಂತ್ರದ ರೋಗವೇ.

ಈಗ ಪ್ರಸಂಗಕ್ಕೆ ಬರುತ್ತೇನೆ. ಕಳೆದ ಬೇಸಗೆಯಲ್ಲಿ ಅಣ್ಣನ ಷೆಡ್ಡಿಗೆ ಸ್ಟೇನ್‌ಲೆಸ್ ಸ್ಟೀಲಿನ ಕವಾಟದ ಬಿಡಿಭಾಗಗಳು ಗುರುತಿಗಾಗಿ ಬಂದಿದ್ದುವು. ಪ್ರತಿಯೊಂದರ ಮೇಲೂ ಅದನ್ನು ಎರಕ ಹೊಯ್ದ ಸರದಿಯ ಸಂಖ್ಯೆಯನ್ನು ಬರೆಯಬೇಕಾಗಿತ್ತು. ಮುಂದೆ ಎಂದಾದರೂ ಒಂದು ಕವಾಟ ಒಡೆದರೆ, ಅದರ ಜೊತೆಯಲ್ಲಿ ಹುಟ್ಟಿದ ಕವಾಟಗಳು ಯಾವುವು, ಎಲ್ಲಿವೆ ಎಂದು ಹುಡುಕಲು ಆ ಸಂಖ್ಯೆಯೊಂದೇ ದಾರಿ. ಬರೆದು ಕಳುಹಿಸಿದ ಹತ್ತು ದಿನಗಳಲ್ಲಿ ಪೆಟ್ಟಿಗೆಗಳು ಹಿಂದಿರುಗಿ ಬಂದುವು. ಕೊಂಡವರು ಭಾಗಗಳನ್ನು ತೊಳೆದಾಗ ಅರ್ಧಕ್ಕರ್ಧ ಸಂಖ್ಯೆಗಳು ಮಸುಕಾಗಿ ಓದಲಾಗದಂತಾಗಿದ್ದುವು. ಮಾಲೀಕರು ಸಿಡಿಮಿಡಿಗೊಂಡರು. “ಮೈಮೇಲೆ ಜ್ಞಾನ ಇಟ್ಟುಕೊಂಡು ಕೆಲಸ ಮಾಡೋಕೆ ಆಗಲ್ವೇನಪ್ಪಾ?” ಎಂದರು. ಅಣ್ಣ, “ಯಂತ್ರದ ಶಕ್ತಿ ಪೂರ್ತಿ ಏರಿಸಿದ್ದೆ ಸಾರ್, ಆದರೂ ಹತ್ತಲಿಲ್ಲ” ಎಂದ. ಮಾಲೀಕರು ಒಪ್ಪಲಿಲ್ಲ. ಆ ತಿಂಗಳ ಸಂಬಳದಲ್ಲಿ ಐದು ದಿನದ ಕೂಲಿ ಮುರಿದುಕೊಂಡರು. ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಸೋರ್ಸಿನದೇ ಆದುದರಿಂದ, ಅದೇ ಸತ್ತುಹೋಗಿರಬಹುದೆಂದು ಅವರಿಗೂ ರಾತ್ರಿ ನಿದ್ದೆಯಿರಲಿಲ್ಲ.

ದುರಸ್ತಿಯ ಇಂಜಿನಿಯರು ಬಂದರು. ಸೋರ್ಸಿನ ಪೆಟ್ಟಿಗೆಯ ಕಡೆ ಅವರು ತಿರುಗಿಯೂ ನೋಡಲಿಲ್ಲ. ಯಂತ್ರವನ್ನು ನಿಲ್ಲಿಸಿ, ಮಸೂರವನ್ನು ತಿರುಪಿ ಬಿಚ್ಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಗಾಜಿನ ಮೇಲೆ ಕಂದುಬಣ್ಣದ ತೆಳುವಾದ ಪೊರೆ. ಅದರ ನಡುವೆ ಕೂದಲೆಳೆಯಂಥ ಗೀರುಗಳು. “ಇದನ್ನು ಯಾರು ಒರೆಸಿದ್ದು?” ಎಂದು ಕೇಳಿದರು. ಒರೆಸಿದವನು ಅಣ್ಣನೇ. ದಿನವೂ ಸಂಜೆ ಮನೆಗೆ ಹೊರಡುವ ಮೊದಲು, ಕೈ ಒರೆಸುವ ಬನಿಯನ್ ವೇಸ್ಟಿನಿಂದ ಅವನು ಮಸೂರವನ್ನು ತಪ್ಪದೆ ತಿಕ್ಕಿ ಇಡುತ್ತಿದ್ದ! ಅವನ ತಪ್ಪು ಅಲಕ್ಷ್ಯವಲ್ಲ, ತಿಳಿಯದ ಶ್ರದ್ಧೆ. ಬಟ್ಟೆಯಿಂದ ತಿಕ್ಕಕೂಡದೆಂಬ ಮಾತು ಯಂತ್ರದ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಇದ್ದುದು ಇಂಗ್ಲಿಷಿನಲ್ಲಿ, ಮಾಲೀಕರ ಬೀರುವಿನಲ್ಲಿ.

ಮಸೂರ ಏತಕ್ಕೆ ಹೀಗಾಗುತ್ತದೆಂಬುದನ್ನು ನೋಡೋಣ. ಲೋಹ ಆವಿಯಾದಾಗ ಹೊಗೆಯೂ ನುಣ್ಣನೆಯ ಕಣಗಳೂ ಮೇಲೇಳುತ್ತವೆ. ಬಿಡಿಭಾಗಕ್ಕೆ ಲೇತಿನ ಎಣ್ಣೆ ಅಂಟಿದ್ದರೆ ಅದೂ ಹೊಗೆಯಾಗಿ ಏರುತ್ತದೆ. ಹೊಗೆಯನ್ನು ಹೀರಿಕೊಳ್ಳಲೆಂದು ಪಕ್ಕದಲ್ಲಿ ಒಂದು ಕೊಳವೆಯಿರುತ್ತದೆ. ಅಣ್ಣನ ಯಂತ್ರದ ಕೊಳವೆ ಹರಿದು ಬಹಳ ಕಾಲವಾಗಿತ್ತು. ಹೀಗಾಗಿ ಹೊಗೆಯೆಲ್ಲ ನೇರವಾಗಿ ಮೇಲಿದ್ದ ಮಸೂರಕ್ಕೆ ಹತ್ತುತ್ತಿತ್ತು. ಕೊಳೆ ಕೂತ ಗಾಜು ಬೆಳಕನ್ನು ಪೂರ್ತಿಯಾಗಿ ಬಿಡದೆ ಸ್ವಲ್ಪವನ್ನು ತಾನೇ ಹೀರಿ ಬಿಸಿಯಾಗುತ್ತದೆ. ಬಿಸಿಗೆ ಕೊಳೆ ಬೆಂದು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಇನ್ನಷ್ಟು ಬೆಳಕನ್ನು ಹೀರುತ್ತದೆ. ಗುರುತು ಮಸುಕಾಯಿತೆಂದು ನಡೆಸುವವನು ಶಕ್ತಿಯನ್ನು ಏರಿಸಿದರೆ ಈ ಬೇನೆ ಮತ್ತೂ ಬೇಗನೆ ಬೆಳೆಯುತ್ತದೆ. ಬೆಳಕು ಸರಾಗವಾಗಿ ಹಾಯಲೆಂದು ಮಸೂರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪವಿದೆ. ಕೂತ ಲೋಹದ ಕಣಗಳನ್ನು ಬಟ್ಟೆಯಿಂದ ತಿಕ್ಕಿದರೆ ಆ ಕಣಗಳೇ ಉಪ್ಪುಕಾಗದವಾಗಿ ಲೇಪವನ್ನು ಕೆರೆಯುತ್ತವೆ.

ಆದುದರಿಂದ ಮಸೂರವನ್ನು ಶುದ್ಧಮಾಡುವ ಕ್ರಮವೇ ಬೇರೆ. ಮೊದಲು ವಿದ್ಯುತ್ತನ್ನು ನಿಲ್ಲಿಸಿ ಬೀಗದ ಕೀಲಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಬೇಕು. ಎಣ್ಣೆಗೈಯ ಬೆರಳಚ್ಚು ಕೂಡ ಗಾಜಿಗೆ ಕೊಳೆಯೇ. ಆಮೇಲೆ ರಬ್ಬರಿನ ಗಾಳಿಬುರುಡೆಯಿಂದ ಧೂಳನ್ನು ಹಾರಿಸಬೇಕು. ಬಾಯಿಂದ ಊದಿದರೆ ಉಗುಳಿನ ಹನಿ ಸಿಡಿಯುತ್ತದೆ, ಕಂಪ್ರೆಸರಿನ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತವೆ, ಎರಡೂ ಕೂಡದು. ಧೂಳು ಹೋದಮೇಲೆ, ಮಸೂರಕ್ಕೆಂದೇ ಮಾರುವ ಕಾಗದಕ್ಕೆ ಶುದ್ಧವಾದ ಐಸೋಪ್ರೊಪೈಲ್ ಆಲ್ಕೋಹಾಲಿನ ಒಂದೆರಡು ಹನಿ ಹಾಕಿ, ಗಾಜಿನ ಮೇಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒತ್ತದೆ ಒಮ್ಮೆ ಎಳೆಯಬೇಕು. ಹಿಂದುಮುಂದಾಗಿ ತಿಕ್ಕಬಾರದು. ಒಮ್ಮೆ ಎಳೆದ ಕಾಗದವನ್ನು ಬಿಸಾಡಿ, ಬೇಕಾದರೆ ಹೊಸದೊಂದನ್ನು ತೆಗೆದುಕೊಳ್ಳಬೇಕು. ದ್ರವವನ್ನು ಗಾಜಿನ ಮೇಲೆ ನೇರವಾಗಿ ಸುರಿದರೆ ಅದು ಅಂಚಿನ ಸಂದಿಯೊಳಗೆ ಇಳಿಯುತ್ತದೆ. ಮಸೂರದ ಮೇಲಿರುವ ಗ್ಯಾಲ್ವೊ ಕನ್ನಡಿಗಳನ್ನಂತೂ ನಡೆಸುವವನು ಮುಟ್ಟಲೇಕೂಡದು. ಅದು ಇಂಜಿನಿಯರಿನ ಕೆಲಸ.

ಮಸುಕಿಗೆ ಎರಡನೆಯ ಕಾರಣ ದೂರ ತಪ್ಪುವುದು. ನಮ್ಮ ಕಡೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು 160 ಮಿಲಿಮೀಟರ್ ನಾಭಿದೂರದ ಮಸೂರ. ಅದು ಸುಮಾರು 110 ಮಿಲಿಮೀಟರ್ ಚೌಕದೊಳಗೆ ಬರೆಯಬಲ್ಲದು. ಕಿರಣ ಬಿಂದುವಾಗಿ ಕೂಡುವುದು ಮಸೂರದಿಂದ ಒಂದು ನಿಶ್ಚಿತ ದೂರದಲ್ಲಿ ಮಾತ್ರ. ಕೆಲವೇ ಮಿಲಿಮೀಟರ್ ಮೇಲೆ ಕೆಳಗೆ ಆದರೂ ಬಿಂದು ಹರಡುತ್ತದೆ. ಬಿಂದುವಿನ ಅಗಲ ಎರಡರಷ್ಟಾದರೆ ಅದರ ಹರವು ನಾಲ್ಕರಷ್ಟು, ಅಂದರೆ ಕಾವು ನಾಲ್ಕರಲ್ಲೊಂದು. ಸೋರ್ಸು ಸತ್ತಿತೆಂದು ಹೆದರುವವರಲ್ಲಿ ಹಲವರಿಗೆ ಆಗಿರುವುದು ಇಷ್ಟೇ: ದಪ್ಪದ ವಸ್ತುವನ್ನು ತೆಗೆದು ತೆಳುವಾದದ್ದನ್ನು ಇಟ್ಟಿರುತ್ತಾರೆ, ತಲೆಭಾಗವನ್ನು ಇಳಿಸಲು ಮರೆತಿರುತ್ತಾರೆ. ಸರಿಯಾದ ದೂರವನ್ನು ಒಮ್ಮೆ ಕಂಡುಹಿಡಿದು, ಅದೇ ಅಳತೆಗೆ ಒಂದು ಅಲ್ಯೂಮಿನಿಯಂ ಕಡ್ಡಿಯನ್ನು ಕತ್ತರಿಸಿಟ್ಟುಕೊಂಡರೆ, ಪ್ರತಿಸಲವೂ ಮಸೂರದ ಚೌಕಟ್ಟಿಗೂ ವಸ್ತುವಿಗೂ ನಡುವೆ ಅದನ್ನು ನಿಲ್ಲಿಸಿ ನೋಡಬಹುದು. ಅಳತೆ ಮುಗಿದೊಡನೆ ಕಡ್ಡಿಯನ್ನು ತೆಗೆಯಬೇಕೆಂಬುದನ್ನು ಹೇಳಬೇಕಾಗಿಲ್ಲ. ಗುರುತು ಒಂದು ಪಕ್ಕದಲ್ಲಿ ಚೊಕ್ಕವಾಗಿ ಇನ್ನೊಂದು ಪಕ್ಕದಲ್ಲಿ ಮಸುಕಾಗಿ ಬಂದರೆ ಮೇಜು ಓರೆಯಾಗಿದೆಯೇ ಎಂದು ಮೊದಲು ನೋಡಬೇಕು. ಎಲ್ಲ ಕಡೆಯೂ ಸಮನಾಗಿ ಮಸುಕಾಗಿದ್ದರೆ ದೂರವನ್ನೂ ಮಸೂರವನ್ನೂ ನೋಡಬೇಕು. ಇವೆರಡೂ ಸರಿಯಿದ್ದರೆ ಮಾತ್ರ ಸೋರ್ಸನ್ನು ಸಂಶಯಿಸಬೇಕು.

ಮೂರನೆಯ ಶತ್ರು ಬಿಸಿ. ಸೋರ್ಸಿಗೆ ಕೊಟ್ಟ ವಿದ್ಯುತ್ತೆಲ್ಲ ಬೆಳಕಾಗುವುದಿಲ್ಲ, ಬಹುಪಾಲು ಶಾಖವಾಗುತ್ತದೆ. ಆ ಶಾಖವನ್ನು ಹೊರಕ್ಕೆ ತಳ್ಳಲು ಪೆಟ್ಟಿಗೆಯ ಹಿಂದೆ ಫ್ಯಾನುಗಳಿವೆ. ಗ್ರೈಂಡಿಂಗಿನ ಧೂಳು ತುಂಬಿದ ಷೆಡ್ಡಿನಲ್ಲಿ ಫ್ಯಾನಿನ ಜಾಲರಿ ಒಂದೆರಡು ವಾರದಲ್ಲಿ ಕಂಬಳಿಯಂತೆ ಮುಚ್ಚಿಹೋಗುತ್ತದೆ. ಜಾಗ ಉಳಿಸಲೆಂದು ಪೆಟ್ಟಿಗೆಯನ್ನು ಗೋಡೆಗೆ ಆನಿಸಿಟ್ಟರೂ ಅದೇ ಫಲ. ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ಸಾಮಾನ್ಯವಾಗಿ ತಯಾರಕರು ಹೇಳುತ್ತಾರೆ. ತಗಡಿನ ಸೂರಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಅದಕ್ಕೆ ಬಹಳ ದೂರವಿಲ್ಲ. ಮಳೆಗಾಲದ ಕಷ್ಟ ಬೇರೆ ಬಗೆಯದು. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿ ಕೂಡುವುದನ್ನು ನೋಡಿದ್ದೇವಷ್ಟೆ. ರಾತ್ರಿಯೆಲ್ಲ ತಣ್ಣಗಿದ್ದ ಯಂತ್ರಕ್ಕೆ ಬೆಳಗಿನ ತೇವದ ಗಾಳಿ ತಾಗಿದರೆ ಗಾಜಿನ ಮೇಲೆ ಹಾಗೆಯೇ ಇಬ್ಬನಿ ಕೂರಬಹುದು. ಹವಾನಿಯಂತ್ರಿತ ಕೋಣೆಯಿಂದ ಹೊರಗೆ ತಂದಾಗಲೂ ಹೀಗಾಗುತ್ತದೆ. ಆಗ ತಕ್ಷಣ ಕಿರಣವನ್ನು ಬಿಡದೆ, ಯಂತ್ರ ಸುತ್ತಲಿನ ಹವೆಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಗಾಜಿನ ಕೊಳವೆಯ ಅನಿಲ ಲೇಸರಿಗೆ ನೀರಿನಿಂದ ತಂಪು ಕೊಡುತ್ತಾರೆ. ಅದಕ್ಕೆ ಭಟ್ಟಿಯಿಳಿಸಿದ ನೀರೇ ಆಗಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಕಿದರೆ, ನಮ್ಮ ಮನೆಯ ಬಿಸಿನೀರಿನ ಹಂಡೆಯೊಳಗೆ ಕಟ್ಟುವ ಬಿಳಿಯ ಪದರವೇ ಅಲ್ಲಿಯೂ ಕಟ್ಟುತ್ತದೆ.

ನಾಲ್ಕನೆಯದು ವಿದ್ಯುತ್ತು. ಒಂದೇ ಲೈನಿನಲ್ಲಿ ವೆಲ್ಡಿಂಗ್ ಯಂತ್ರವೂ ಲೇಸರೂ ಇದ್ದರೆ, ಅಲ್ಲಿ ಕಿಡಿ ಹಾರಿದಾಗಲೆಲ್ಲ ಇಲ್ಲಿ ಕನ್ನಡಿ ನಡುಗಿ ಅಕ್ಷರ ಸೊಟ್ಟಗಾಗಬಹುದು. ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಬಿಡಿಸಲಾಗದ ಒಗಟಿನಂಥ ದೋಷಗಳು ಬಂದು ಹೋಗುತ್ತಿರುತ್ತವೆ. ಸೋರ್ಸಿನಿಂದ ತಲೆಭಾಗಕ್ಕೆ ಹೋಗುವ ಕೇಬಲ್ಲು ನೋಡಲು ದಪ್ಪವಾದ ವೈರಿನಂತಿದ್ದರೂ ಒಳಗಿರುವುದು ಗಾಜು. ಅದನ್ನು ಚಿಕ್ಕ ಸುರುಳಿಯಾಗಿ ಸುತ್ತುವುದಾಗಲಿ, ಕಾಲಿನಡಿ ಬಿಡುವುದಾಗಲಿ ಸಲ್ಲದು. ಒಳಗಿನ ಎಳೆ ಮುರಿದರೆ ಅದನ್ನು ಷೆಡ್ಡಿನಲ್ಲಿ ಜೋಡಿಸಲು ಬರುವುದಿಲ್ಲ. ಸೋರ್ಸನ್ನೇ ತಯಾರಕರಿಗೆ ಕಳುಹಿಸಬೇಕಾಗುತ್ತದೆ.

ವಸ್ತುವಿನಿಂದಲೂ ಯಂತ್ರಕ್ಕೆ ಕೇಡುಂಟು. ಕನ್ನಡಿಯಂತೆ ಮಿರುಗುವ ಹಿತ್ತಾಳೆ, ತಾಮ್ರ, ಬೆಳ್ಳಿ, ಚಿನ್ನಗಳನ್ನು ಮಸೂರದ ನೇರ ಕೆಳಗೆ ಸಮತಟ್ಟಾಗಿ ಇಟ್ಟರೆ ಕಿರಣದ ಒಂದು ಪಾಲು ಬಂದ ದಾರಿಯಲ್ಲಿಯೇ ಹಿಂದಿರುಗಿ ಸೋರ್ಸಿಗೆ ಪೆಟ್ಟುಕೊಡಬಹುದು. ಅದನ್ನು ತಡೆಯುವ ಸಾಧನ ಯಂತ್ರದೊಳಗಿದ್ದರೂ, ಇಂಥ ವಸ್ತುವನ್ನು ನಟ್ಟನಡುವಿನಿಂದ ಸ್ವಲ್ಪ ಸರಿಸಿ ಇಡುವುದು ಜಾಣತನ. ಪಿವಿಸಿ ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಎಂದೂ ಲೇಸರಿನಿಂದ ಬರೆಯಬಾರದು. ಅದು ಸುಟ್ಟಾಗ ಏಳುವ ಹೈಡ್ರೋಜನ್ ಕ್ಲೋರೈಡ್ ಅನಿಲ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಯಂತ್ರದ ಲೋಹವನ್ನೂ ಮನುಷ್ಯನ ಶ್ವಾಸಕೋಶವನ್ನೂ ಅದು ಒಂದೇ ರೀತಿಯಲ್ಲಿ ತಿನ್ನುತ್ತದೆ.

ಇಲ್ಲಿಯವರೆಗೆ ಹೇಳಿದುದು ಯಂತ್ರದ ಆರೈಕೆ. ಅದಕ್ಕಿಂತ ಮೊದಲು ಕಾಪಾಡಬೇಕಾದದ್ದು ನಡೆಸುವವನ ಕಣ್ಣು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೋಮೀಟರ್. ಫೈಬರ್ ಲೇಸರಿನದು ಸುಮಾರು 1064. ಅಂದರೆ ಈ ಕಿರಣ ಕಾಣುವುದೇ ಇಲ್ಲ. ಗುರುತು ಹಾಕುವಾಗ ಮಿನುಗುವ ಬಿಳಿಯ ಕಿಡಿ ಬೆಂದ ಲೋಹದ ಬೆಳಕೇ ಹೊರತು ಕಿರಣವಲ್ಲ. ಅಳತೆಗೆಂದು ಬೀಳುವ ಕೆಂಪುಚುಕ್ಕೆಯೂ ಕಿರಣವಲ್ಲ. ಕಾಣುವ ಬೆಳಕು ತೀಕ್ಷ್ಣವಾದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. ಕಾಣದ ಕಿರಣಕ್ಕೆ ರೆಪ್ಪೆ ಮುಚ್ಚುವುದಿಲ್ಲ. ಕಣ್ಣಿನೊಳಗಿನ ಮಸೂರ ಅದನ್ನು ಯಂತ್ರದ ಮಸೂರದಂತೆಯೇ ಬಿಂದುವಾಗಿ ಕೂಡಿಸಿ ಅಕ್ಷಿಪಟದ ಮೇಲೆ ಬೀಳಿಸುತ್ತದೆ. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟ ಜಾಗ ಮತ್ತೆ ಚಿಗುರುವುದೂ ಇಲ್ಲ. ಆದುದರಿಂದ ಈ ತರಂಗಾಂತರಕ್ಕೆಂದೇ ಮಾಡಿದ, ಅದರ ಸಂಖ್ಯೆಯನ್ನು ಮೇಲೆ ಬರೆದಿರುವ ಕನ್ನಡಕವನ್ನೇ ಹಾಕಿಕೊಳ್ಳಬೇಕು. ಬಿಸಿಲಿನ ಕಪ್ಪು ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು. ಉಂಗುರ, ಗಡಿಯಾರಗಳನ್ನು ಬಿಚ್ಚಿಡಬೇಕು, ಏಕೆಂದರೆ ಹೊಳೆಯುವ ಯಾವ ಮೈಯಾದರೂ ಕಿರಣವನ್ನು ಎತ್ತಲೋ ತಿರುಗಿಸಬಲ್ಲದು. ಯಂತ್ರದ ಸುತ್ತ ಮುಚ್ಚಿಗೆಯಿದ್ದರೆ ಅದರ ಬಾಗಿಲಿನ ಸ್ವಿಚ್ಚನ್ನು, ಕೆಲಸ ಬೇಗ ಸಾಗಲೆಂದು ಕಟ್ಟಿಹಾಕುವ ಚಾಳಿ ಕೆಲವೆಡೆ ಉಂಟು. ಹಾಗೆ ಉಳಿಸಿದ ನಿಮಿಷಕ್ಕೆ ತೆರಬಹುದಾದ ಬೆಲೆ ದೃಷ್ಟಿ.

ಇಂಜಿನಿಯರು ಹೊರಟುಹೋದ ಮೇಲೆ ಕೈಪಿಡಿಯನ್ನು ಬೀರುವಿನಿಂದ ಈಚೆಗೆ ತೆಗೆದೆವು. ಹಗಲೆಲ್ಲ ಕೆಲಸ, ರಾತ್ರಿ ಅಣ್ಣನ ಬಾಡಿಗೆಯ ಕೋಣೆಯಲ್ಲಿ ನಾನು ಒಂದೊಂದೇ ವಾಕ್ಯವನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. “ಹಾಗಂದರೆ ಏನೋ? ಏಕೆ ಹಾಗೆ?” ಎಂದು ಅವನು ಕೇಳುತ್ತಿದ್ದ. ಪದದ ಅರ್ಥವನ್ನು ನಾನು ಹೇಳಿದರೆ, ಯಂತ್ರದಲ್ಲಿ ಅದು ಎಲ್ಲಿದೆಯೆಂಬುದನ್ನು ಅವನು ಹೇಳಬೇಕಾಗುತ್ತಿತ್ತು. ಮೂರು ವರ್ಷ ಕಾಲೇಜಿನಲ್ಲಿ ಓದಿದ ನನಗೆ ಆ ಪುಸ್ತಕ ಅವನಿಲ್ಲದೆ ತಿಳಿಯುತ್ತಿರಲಿಲ್ಲ. ಐದು ವರ್ಷ ಯಂತ್ರ ನಡೆಸಿದ ಅವನಿಗೆ ನಾನಿಲ್ಲದೆ ತಿಳಿಯುತ್ತಿರಲಿಲ್ಲ. ನಾಲ್ಕು ರಾತ್ರಿಗಳಾದ ಮೇಲೆ ಒಂದು ಹಾಳೆ ಸಿದ್ಧವಾಯಿತು. ಅದರಲ್ಲಿ ಬರೆದುದು ಇಷ್ಟು.

ಪ್ರತಿದಿನ: ಆರಂಭಕ್ಕೆ ಮುಂಚೆ ಕನ್ನಡಕ ಹಾಕಿಕೊಳ್ಳುವುದು, ಹೊಗೆಯ ಕೊಳವೆಯಲ್ಲಿ ಎಳೆತವಿದೆಯೇ ಎಂದು ಕಾಗದದ ಚೂರನ್ನು ಹಿಡಿದು ನೋಡುವುದು, ಬಿಡಿಭಾಗಗಳ ಎಣ್ಣೆಯನ್ನು ಒರೆಸಿದ ಮೇಲೆಯೇ ಮೇಜಿಗೆ ಇಡುವುದು, ಕಡ್ಡಿಯಿಂದ ದೂರವನ್ನು ಅಳೆಯುವುದು, ಕೆಲಸ ಮುಗಿದ ಮೇಲೆ ಮಸೂರಕ್ಕೆ ಮುಚ್ಚಳ ಹಾಕುವುದು.

ಪ್ರತಿವಾರ: ಮಸೂರವನ್ನು ಓರೆಬೆಳಕಿನಲ್ಲಿ ಪರೀಕ್ಷಿಸಿ, ಕೊಳೆಯಿದ್ದರೆ ಮಾತ್ರ ಕ್ರಮದಂತೆ ಶುದ್ಧಮಾಡುವುದು, ಫ್ಯಾನಿನ ಜಾಲರಿಯ ಧೂಳನ್ನು ತೆಗೆಯುವುದು.

ಪ್ರತಿತಿಂಗಳು: ಒಂದೇ ಬಗೆಯ ಕಪ್ಪು ಅಲ್ಯೂಮಿನಿಯಂ ತಗಡಿನ ಮೇಲೆ, ಕಡಮೆ ಶಕ್ತಿಯಿಂದ ಪೂರ್ತಿ ಶಕ್ತಿಯವರೆಗೆ ಹತ್ತು ಮನೆಗಳನ್ನು ಸಾಲಾಗಿ ಬರೆದು, ತಾರೀಖು ಹಾಕಿ ಎತ್ತಿಡುವುದು, 50 ಮಿಲಿಮೀಟರಿನ ಒಂದು ಚೌಕವನ್ನು ಬರೆದು ಅದರ ನಾಲ್ಕು ಬದಿಗಳನ್ನು ಅಳೆಯುವುದು, ಕೇಬಲ್ಲು, ಅರ್ಥಿಂಗ್, ತುರ್ತುಸ್ವಿಚ್ಚುಗಳನ್ನು ನೋಡುವುದು, ಯಂತ್ರದ ತಿದ್ದುಪಡಿಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು.

ಇವುಗಳಲ್ಲಿ ತಗಡಿನ ಪರೀಕ್ಷೆ ಬಹಳ ಉಪಯುಕ್ತವಾದುದು. ಯಂತ್ರ ದಿನದಿನಕ್ಕೆ ಸೋಲುವುದು ಕಣ್ಣಿಗೆ ತಿಳಿಯದು. ಜನವರಿಯ ತಗಡನ್ನೂ ಜೂನಿನ ತಗಡನ್ನೂ ಪಕ್ಕಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಜೂನಿನ ಐದನೆಯ ಮನೆ ಜನವರಿಯ ಮೂರನೆಯ ಮನೆಯಷ್ಟೇ ಕಂಡರೆ ಎಲ್ಲಿಯೋ ಬೆಳಕು ಸೋರುತ್ತಿದೆಯೆಂದು ಅರ್ಥ. ನಡೆಸುವವನಿಗೆ ಅದರಿಂದ ಇನ್ನೊಂದು ಲಾಭವೂ ಉಂಟು. ಯಾವ ತಿಂಗಳಿಂದ ಯಂತ್ರ ಕೆಟ್ಟಿತೆಂಬುದಕ್ಕೆ ಅವನ ಕೈಯಲ್ಲಿ ಒಂದು ಸಾಕ್ಷಿಯಿರುತ್ತದೆ. ಅಣ್ಣನ ಕೈಯಲ್ಲಿ ಆಗ ಅಂಥ ಸಾಕ್ಷಿ ಇರಲಿಲ್ಲ.

ಮುರಿದುಕೊಂಡ ಐದು ದಿನದ ಕೂಲಿ ಹಿಂದಕ್ಕೆ ಬರಲಿಲ್ಲ. ಆದರೆ ಹರಿದ ಕೊಳವೆ ಹೋಗಿ ಹೊಸದು ಬಂತು, ಹೊಸ ಮಸೂರ ಬಂತು, ಕನ್ನಡಕ ಎರಡು ಬಂದುವು. ಮರಳಿ ಬಂದಿದ್ದ ಕವಾಟದ ಭಾಗಗಳಿಗೆ ಅಣ್ಣ ಮತ್ತೆ ಗುರುತು ಹಾಕಿದ. ಈ ಸಲ ಪೂರ್ತಿ ಶಕ್ತಿಯೂ ಬೇಕಾಗಲಿಲ್ಲ. ಕನ್ನಡದ ಹಾಳೆ ಯಂತ್ರದ ಪಕ್ಕದ ಗೋಡೆಯ ಮೇಲಿದೆ. ಪಕ್ಕದ ಷೆಡ್ಡಿನಲ್ಲಿ ಇಂಥದೇ ಯಂತ್ರ ನಡೆಸುವ ಹುಡುಗನೊಬ್ಬ ಬಂದು ಅದರ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡು ಹೋದ.

ಬಿ.ಎ. ಓದಿದವನಿಂದ ಏನಾಗುತ್ತದೆಂದು ನಮ್ಮನ್ನು ಕೇಳುವವರಿದ್ದಾರೆ. ನಾವೂ ನಮ್ಮನ್ನು ಕೇಳಿಕೊಳ್ಳುತ್ತೇವೆ. ಎರಡು ಭಾಷೆಗಳನ್ನು ಬಲ್ಲವನು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ನಾನು ಆ ನಾಲ್ಕು ರಾತ್ರಿಗಳಲ್ಲಿ ಕಂಡೆ. ನಮ್ಮ ಸಹಪಾಠಿಗಳಲ್ಲಿ ಅನೇಕರ ಅಣ್ಣಂದಿರೂ ಅಕ್ಕಂದಿರೂ ಗಿರಣಿಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ, ಕಾರ್ಖಾನೆಗಳಲ್ಲಿ ಒಂದಲ್ಲ ಒಂದು ಯಂತ್ರದ ಮುಂದೆ ನಿಂತಿದ್ದಾರೆ. ಆ ಯಂತ್ರಗಳಿಗೂ ಕೈಪಿಡಿಗಳಿರುತ್ತವೆ, ಅವೂ ಎಲ್ಲಿಯೋ ಬೀರುವಿನಲ್ಲಿರುತ್ತವೆ. ಮುಂದಿನ ರಜದಲ್ಲಿ ಅವುಗಳಲ್ಲಿ ಒಂದೊಂದನ್ನು ಹೊರಗೆ ತೆಗೆಸಿ, ಯಂತ್ರ ಬಲ್ಲವರ ಪಕ್ಕದಲ್ಲಿ ಕೂತು ಓದೋಣ. ತಪ್ಪಿದ್ದಲ್ಲಿ ತಿದ್ದಲು ನಮ್ಮ ಅಧ್ಯಾಪಕರಿದ್ದಾರೆ.